ಕ್ಯಾಮೆರಾ ಎಲ್ಲಿತ್ತು?

ಸಿನಿಮಾ ನಿರ್ದೇಶಕರೊಬ್ಬರನ್ನು ಅವರ ಕಸುಬಿನ ಬಗ್ಗೆ ದೀರ್ಘವಾಗಿ ಮಾತನಾಡಿಸಿ, ಆ ಮಾತುಗಳನ್ನು ಬರಹಕ್ಕಿಳಿಸಿ, ಓದಬಹುದಾದ ಒಂದು ಹಸ್ತಪ್ರತಿಯಾಗಿ ಕಟ್ಟುವ ಕೆಲಸದಲ್ಲಿ ನಾನು ಕೆಲವು ವರ್ಷ ತೊಡಗಿಕೊಂಡಿದ್ದೆ. ಪುಸ್ತಕ ಇನ್ನೂ ಅಚ್ಚಾಗಬೇಕಿರುವುದರಿಂದ ಅವರ ಹೆಸರನ್ನಾಗಲಿ, ಅವರ ಚಿತ್ರಗಳ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಮದರಾಸಿನ ಸ್ಟುಡಿಯೋಗಳಲ್ಲಿ ಸಹಾಯಕ ನಿರ್ದೇಶಕರಾಗಿ ಕ್ಲ್ಯಾಪ್ ಹಿಡಿದು ಕೆಲಸ ಕಲಿತು, ಎಪ್ಪತ್ತರ ದಶಕದ ಕೊನೆಯಲ್ಲಿ ಮಲೆನಾಡಿಗೆ ಬಂದು, ತೀರಾ ಕಡಿಮೆ ಹಣದಲ್ಲಿ ಕೆಲವೇ ಕನ್ನಡ ಚಿತ್ರಗಳನ್ನು ಮಾಡಿದವರು ಎಂದಷ್ಟು ತಿಳಿದರೆ ಈ ಬರಹಕ್ಕೆ ಸಾಕು. ಆ ಮಾತುಕತೆ ಹೇಗೆ ನಡೆಯಿತು, ಅದರಿಂದ ಏನು ಹೊರಬಂತು, ಬರಹವಾಗುವಾಗ ಅದು ಏನೇನಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಇಂಥ ಪುಸ್ತಕದ ಮಾತು ಬಂದಾಗ ಸಿನಿಮಾದವರೆಲ್ಲ ನೆನೆಯುವ ಮಾದರಿ ಒಂದಿದೆ. 1962ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಯುವ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಅಮೆರಿಕಕ್ಕೆ ಹೋಗಿ, ಯೂನಿವರ್ಸಲ್ ಸ್ಟುಡಿಯೋದ ಕಚೇರಿಯಲ್ಲಿ ಹಿರಿಯ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ಎದುರು ಸುಮಾರು ಒಂದು ವಾರ ಕುಳಿತು ಮಾತನಾಡಿದರು. ಇಬ್ಬರ ನಡುವೆ ದುಭಾಷಿಯಾಗಿ ಹೆಲೆನ್ ಸ್ಕಾಟ್ ಇದ್ದರು. ಪುಸ್ತಕ ಹೊರಬಂದದ್ದು 1966ರಲ್ಲಿ. ಒಂದು ವಾರದ ಮಾತಿಗೆ ನಾಲ್ಕು ವರ್ಷ ಯಾಕೆ ಹಿಡಿಯಿತು ಎಂಬುದು ನನಗೆ ಅರ್ಥವಾದದ್ದು ನಾನೇ ಅಂಥ ಕೆಲಸಕ್ಕೆ ಕೈ ಹಾಕಿದ ಮೇಲೆ. ಆ ಸಂಭಾಷಣೆಯಿಂದ ನಾನು ತೆಗೆದುಕೊಂಡ ಮುಖ್ಯ ಸಂಗತಿಯೆಂದರೆ ಅದರ ಕ್ರಮ. ಕಲೆ, ಬದುಕು, ಸಮಾಜ ಎಂದು ವಿಷಯಗಳನ್ನು ಹಂಚಿಕೊಳ್ಳದೆ, ಮೊದಲ ಚಿತ್ರದಿಂದ ತೊಡಗಿ ಒಂದೊಂದನ್ನೇ ಎದುರಿಗಿಟ್ಟುಕೊಂಡು ಅವರು ಮುಂದಕ್ಕೆ ಹೋಗುತ್ತಾರೆ. ತ್ರೂಫೋ ಸ್ವತಃ ನಿರ್ದೇಶಕರಾಗಿದ್ದರಿಂದ ಅವರ ಪ್ರಶ್ನೆಗಳು ವಿಮರ್ಶಕನ ಪ್ರಶ್ನೆಗಳಂತಿರದೆ, ಅದೇ ಕೆಲಸ ಮಾಡುವ ಇನ್ನೊಬ್ಬ ಕೇಳುವ ಪ್ರಶ್ನೆಗಳಂತಿದ್ದವು. ನನಗೆ ಆ ಅನುಕೂಲ ಇರಲಿಲ್ಲ. ನಾನು ಸಿನಿಮಾ ಮಾಡಿದವನಲ್ಲ. ಫಿಲ್ಮ್ ಸೊಸೈಟಿಯ ಪ್ರದರ್ಶನಗಳಲ್ಲಿ ನೋಡಿ, ಓದಿ, ಪತ್ರಿಕೆಗಳಿಗೆ ಬರೆದವನು.

ಮೊದಲ ಕೆಲವು ಭೇಟಿಗಳು ಮೈಸೂರಿನ ಅವರ ಮನೆಯಲ್ಲಿ ಮಾಮೂಲಿ ಸಂದರ್ಶನದ ರೀತಿಯಲ್ಲೇ ನಡೆದವು. ಈ ಕಥೆಯನ್ನು ಯಾಕೆ ಆರಿಸಿಕೊಂಡಿರಿ, ಸಾಹಿತ್ಯಕ್ಕೂ ಸಿನಿಮಾಕ್ಕೂ ಸಂಬಂಧವೇನು ಎಂಬಂಥ ಪ್ರಶ್ನೆಗಳಿಗೆ ಅವರು ಸಲೀಸಾಗಿ, ಚೆನ್ನಾಗಿಯೇ ಉತ್ತರಿಸುತ್ತಿದ್ದರು. ಹಳೆಯ ಪತ್ರಿಕೆಗಳಲ್ಲಿ ಬಂದ ಅವರ ಸಂದರ್ಶನಗಳ ಜೊತೆ ಹೋಲಿಸಿದಾಗ ಮಾತ್ರ ಆ ಉತ್ತರಗಳು ಬಹುತೇಕ ಅಕ್ಷರಶಃ ಅವೇ ಎಂದು ತಿಳಿಯುತ್ತಿತ್ತು. ಅದನ್ನು ನಾನು ಹೇಳುವ ಮೊದಲೇ ಅವರೇ ಹೇಳಿದರು: "ಇದೆಲ್ಲ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿಬಿಟ್ಟಿದೆ ಮಾರಾಯ್ರೆ. ಪ್ರಶ್ನೆ ಕೇಳಿದ ತಕ್ಷಣ ಉತ್ತರ ಬರ್ತದೆ, ನಾನು ಯೋಚನೆಯೇ ಮಾಡೋದಿಲ್ಲ. ನೀವು ಸಿನಿಮಾ ಹಾಕಿ. ಎಲ್ಲಿ ಅನುಮಾನ ಬರ್ತದೋ ಅಲ್ಲಿ ನಿಲ್ಲಿಸಿ ಕೇಳಿ. ಯಾಕೆ ಅಂತ ಕೇಳಬೇಡಿ. ಕ್ಯಾಮೆರಾ ಎಲ್ಲಿತ್ತು ಅಂತ ಕೇಳಿ, ಯಾಕೆ ಅನ್ನೋದು ತಾನಾಗೇ ಬರ್ತದೆ."

ಹಾಗೆ ಕೇಳಬೇಕಾದರೆ ನನಗೆ ಸಿದ್ಧತೆ ಬೇಕಿತ್ತು. ಒಂದೊಂದು ಚಿತ್ರಕ್ಕೂ ಒಂದೊಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಂಡು, ಶಾಟ್‌ಗಳನ್ನು (ಕ್ಯಾಮೆರಾ ತಡೆಯಿಲ್ಲದೆ ಓಡಿದ ಒಂದೊಂದು ತುಂಡನ್ನು) ಕ್ರಮಸಂಖ್ಯೆ ಹಾಕಿ ಬರೆದುಕೊಳ್ಳುತ್ತ ಹೋದೆ. ಶಾಟ್ ಎಷ್ಟು ಸೆಕೆಂಡು ಇದೆ, ಕ್ಲೋಸ್‌ಅಪ್ಪೋ ಮಿಡ್‌ಶಾಟೋ ಲಾಂಗ್‌ಶಾಟೋ, ಕ್ಯಾಮೆರಾ ನಿಂತಿದೆಯೋ ಟ್ರಾಲಿಯ ಮೇಲೆ ಚಲಿಸುತ್ತಿದೆಯೋ, ಬೆಳಕು ಯಾವ ಕಡೆಯಿಂದ, ಹಿನ್ನೆಲೆಯಲ್ಲಿ ಏನು ಕೇಳಿಸುತ್ತದೆ ಎಂಬ ಕಾಲಂಗಳು. ಒಂದು ಚಿತ್ರಕ್ಕೆ ನಾಲ್ಕುನೂರಕ್ಕಿಂತ ಹೆಚ್ಚು ಶಾಟ್‌ಗಳಿದ್ದವು. ಇನ್ನೊಂದಕ್ಕೆ ಅದರ ಅರ್ಧವೂ ಇರಲಿಲ್ಲ. ಈ ವ್ಯತ್ಯಾಸವೇ ಒಂದು ಇಡೀ ದಿನದ ಮಾತಿಗೆ ವಸ್ತುವಾಯಿತು. ಬೇಸರ ಹುಟ್ಟಿಸುವ ಕೆಲಸ ಇದು, ಅನುಮಾನವಿಲ್ಲ. ಆದರೆ ಸಿನಿಮಾದ ಬಗ್ಗೆ ಬರೆಯುವವರು ಜೀವನದಲ್ಲಿ ಒಂದು ಚಿತ್ರಕ್ಕಾದರೂ ಇದನ್ನು ಮಾಡಬೇಕು ಎಂದು ಈಗ ನನ್ನ ಅಭಿಪ್ರಾಯ. ಕಥೆಯ ಓಟದಲ್ಲಿ ಕಣ್ಣಿಗೆ ಬೀಳದ ಎಷ್ಟೋ ಸಂಗತಿಗಳು ಕಾಲಂ ತುಂಬುವಾಗ ಎದ್ದು ಬರುತ್ತವೆ.

ಧ್ವನಿಮುದ್ರಣದಲ್ಲಿ ಬೇರೆಯದೇ ಒಂದು ತೊಡಕು ಎದುರಾಯಿತು. ನಿರ್ದೇಶಕರು ಕಸುಬಿನ ಮಾತಿಗೆ ಇಳಿದೊಡನೆ ಅವರ ಕೈಗಳು ಮಾತನಾಡತೊಡಗುತ್ತಿದ್ದವು. ಕಾಫಿ ಲೋಟ ಕ್ಯಾಮೆರಾ, ಕನ್ನಡಕದ ಡಬ್ಬಿ ಬಾಗಿಲು, ಎರಡು ಬಿಸ್ಕತ್ತುಗಳು ತಾಯಿ ಮತ್ತು ಮಗ. "ಇವಳು ಇಲ್ಲಿಂದ ಇಲ್ಲಿಗೆ ಬರ್ತಾಳೆ, ಆಗ ಅವನು ಅಲ್ಲಿಂದ ಕಾಣೋದಿಲ್ಲ, ಅದಕ್ಕೇ ಇದನ್ನು ಇಷ್ಟು ಈಚೆಗೆ ತಂದೆವು" ಎಂಬ ವಾಕ್ಯವನ್ನು ರಾತ್ರಿ ಕುಳಿತು ಕೇಳಿದರೆ ಒಂದಕ್ಷರವೂ ಬಿಡಿಸುವಂತಿಲ್ಲ. ಹಾಗಾಗಿ ಧ್ವನಿ ಮುದ್ರಿಸಿಕೊಳ್ಳುವುದರ ಜೊತೆಗೆ ಮೇಜಿನ ಮೇಲಿನ ನಕ್ಷೆಯನ್ನೂ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಪ್ರತಿ ನಕ್ಷೆಯ ಬದಿಯಲ್ಲಿ ಧ್ವನಿಮುದ್ರಣದ ಎಷ್ಟನೆಯ ನಿಮಿಷ ಎಂಬುದನ್ನು ನಮೂದಿಸುತ್ತಿದ್ದೆ. ಕೆಲವೊಮ್ಮೆ ಅವರೇ ನನ್ನ ಪೆನ್ನು ಕಿತ್ತುಕೊಂಡು ತಿದ್ದುತ್ತಿದ್ದರು.

ಮಾತು ನಿಜವಾಗಿ ಬಿಗಿಯಾದದ್ದು ಕಚ್ಚಾ ಫಿಲ್ಮಿನ ಪ್ರಸ್ತಾಪ ಬಂದಾಗ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸಿನಿಮಾಕ್ಕೆ ಪ್ರವೇಶಿಸಿದವರಿಗೆ ಇದರ ಭಾರ ತಿಳಿಯುವುದು ಕಷ್ಟ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡಿದರೆ ನಿಮಿಷಕ್ಕೆ 90 ಅಡಿ ಖರ್ಚಾಗುತ್ತದೆ. ಕ್ಯಾಮೆರಾಕ್ಕೆ ಹಾಕುವ 400 ಅಡಿಯ ರೋಲು ನಾಲ್ಕೂವರೆ ನಿಮಿಷದೊಳಗೆ ಮುಗಿಯುತ್ತದೆ. ಎರಡು ಗಂಟೆಯ ಚಿತ್ರ ತೆರೆಯ ಮೇಲೆ ಬರುವಾಗ 10,800 ಅಡಿ. ಒಂದು ಶಾಟಿಗೆ ಸರಾಸರಿ ಮೂರು ಟೇಕ್ (ಅದನ್ನೇ ಮೂರು ಸಲ ತೆಗೆಯುವುದು) ಎಂದರೂ 32,000 ಅಡಿಗೂ ಹೆಚ್ಚು ಕಚ್ಚಾ ಫಿಲ್ಮ್ ಬೇಕು. ಆ ಕಾಲದಲ್ಲಿ ಕಲರ್ ಫಿಲ್ಮ್ ಆಮದಾಗಬೇಕಿತ್ತು, ಸುಲಭಕ್ಕೆ ಸಿಗುತ್ತಿರಲಿಲ್ಲ. ಸಣ್ಣ ನಿರ್ಮಾಪಕರು ಪೂರ್ವ ಜರ್ಮನಿಯ ಓರ್ವೋ ಕಪ್ಪು ಬಿಳುಪು ಫಿಲ್ಮನ್ನು ನೆಚ್ಚಿಕೊಂಡಿದ್ದರು. ನಮ್ಮ ನಿರ್ದೇಶಕರ ಮೊದಲ ಚಿತ್ರಕ್ಕೆ ಮೂರು ಟೇಕಿನ ಲೆಕ್ಕಕ್ಕೆ ಸಾಲುವಷ್ಟೂ ಇರಲಿಲ್ಲ.

ಇದನ್ನು ಬಡತನದ ಕಥೆಯಾಗಿ ಹೇಳುವುದು ಸುಲಭ, ಹಲವರು ಹಾಗೆ ಹೇಳಿದ್ದಾರೆ ಕೂಡ. ನಿರ್ದೇಶಕರು ಹೇಳಿದ್ದು ಬೇರೆ. ಫಿಲ್ಮ್ ಕಡಿಮೆಯಿದ್ದುದರಿಂದ ಇಡೀ ದೃಶ್ಯವನ್ನು ಒಂದು ಕೋನದಿಂದ ಪೂರ್ತಿ ತೆಗೆದು, ಮತ್ತೆ ಇನ್ನೊಂದು ಕೋನದಿಂದ ಪೂರ್ತಿ ತೆಗೆದು, ಆಮೇಲೆ ಎಡಿಟಿಂಗ್ ಟೇಬಲ್ಲಿನ ಮೇಲೆ ಆರಿಸಿಕೊಳ್ಳುವ ಪದ್ಧತಿ ಅವರಿಗೆ ಸಾಧ್ಯವಿರಲಿಲ್ಲ. ಎಲ್ಲಿ ಕಟ್ ಬರಬೇಕು ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ನಿರ್ಧರಿಸಿ, ಅಷ್ಟನ್ನೇ ತೆಗೆಯಬೇಕಿತ್ತು. ಆದ್ದರಿಂದ ರಿಹರ್ಸಲ್ ದೀರ್ಘವಾಗುತ್ತಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕ್ಯಾಮೆರಾದ ಮೋಟಾರು ಒಮ್ಮೆಯೂ ತಿರುಗದೆ, ಊಟದ ನಂತರ ಒಂದು ಗಂಟೆಯಲ್ಲಿ ಇಡೀ ದೃಶ್ಯ ಮುಗಿದ ದಿನಗಳಿದ್ದವು. ನಾನು ಎಣಿಸಿದ ಶಾಟ್‌ಗಳ ಸಂಖ್ಯೆಯಲ್ಲಿನ ವ್ಯತ್ಯಾಸಕ್ಕೆ ಇಲ್ಲಿ ಉತ್ತರವಿತ್ತು. ಮೊದಲ ಚಿತ್ರದಲ್ಲಿ ಶಾಟ್‌ಗಳು ಚಿಕ್ಕವು, ಹೆಚ್ಚು. ಫಿಲ್ಮ್ ಕಡಿಮೆಯಿದ್ದರೆ ದೀರ್ಘ ಶಾಟ್‌ಗಳು ಬರುತ್ತವೆ ಎಂದು ನಾನು ಎಣಿಸಿದ್ದಕ್ಕೆ ಅವರು ತಲೆಯಾಡಿಸಿದರು: "ಉಲ್ಟಾ. ಮೂರು ನಿಮಿಷದ ಶಾಟಿನಲ್ಲಿ ಕೊನೆಯ ಮಾತನ್ನು ನಟ ಮರೆತರೆ 270 ಅಡಿ ಹೋಯ್ತು. ಹತ್ತು ಸೆಕೆಂಡಿನ ಶಾಟಿನಲ್ಲಿ ಮರೆತರೆ 15 ಅಡಿ. ನನಗೆ ದೀರ್ಘ ಶಾಟ್ ಮಾಡುವ ಧೈರ್ಯ ಬಂದದ್ದು ಕೈಯಲ್ಲಿ ದುಡ್ಡು ಬಂದ ಮೇಲೆ." ಆ ದೀರ್ಘ ಶಾಟ್‌ಗಳನ್ನು ವಿಮರ್ಶಕರು, ನನ್ನನ್ನೂ ಸೇರಿಸಿ, ಧ್ಯಾನ, ನಿಧಾನ, ಮಲೆನಾಡಿನ ಲಯ ಎಂದೆಲ್ಲ ವರ್ಣಿಸಿದ್ದೇವೆ. ವರ್ಣನೆ ಸುಳ್ಳೆಂದು ಅವರು ಹೇಳಲಿಲ್ಲ. ಅದಕ್ಕೊಂದು ಅಡಿಲೆಕ್ಕವೂ ಇತ್ತು ಎಂದಷ್ಟೇ ಹೇಳಿದರು.

ಬೆಳಕಿನ ಮಾತು ಇನ್ನೂ ಹೆಚ್ಚು ದಿನ ನಡೆಯಿತು. ಮಲೆನಾಡಿನ ಹಳೆಯ ಮನೆಗಳ ನಡುಮನೆ ಹಗಲಲ್ಲೂ ಕತ್ತಲು. ಅಂಗಳದಿಂದ ಒಳಬರುವ ಬೆಳಕು ಜಗಲಿ ದಾಟುವಷ್ಟರಲ್ಲಿ ಅರ್ಧವಾಗಿ, ಅಡುಗೆಮನೆ ಮುಟ್ಟುವಷ್ಟರಲ್ಲಿ ಬರಿಯ ಹೊಗೆಯ ಬಣ್ಣಕ್ಕೆ ಇಳಿದಿರುತ್ತದೆ. ಅವರು ಮದರಾಸಿನಲ್ಲಿ ಕಲಿತ ಸ್ಟುಡಿಯೋ ಪದ್ಧತಿಯಲ್ಲಿ ಎಲ್ಲ ಕಡೆಯಿಂದ ದೀಪ ಹಾಕಿ, ಮುಖಕ್ಕೊಂದು, ಕೂದಲಿಗೊಂದು, ಗೋಡೆಗೊಂದು ಬೆಳಕು ಕೊಡುವುದು ರೂಢಿ. ಆ ರೀತಿಯಲ್ಲಿ ಈ ಮನೆಯನ್ನು ಬೆಳಗಿದರೆ ಮನೆಯೇ ಉಳಿಯುವುದಿಲ್ಲ ಎಂಬುದು ಮೊದಲ ದಿನವೇ ತಿಳಿಯಿತಂತೆ. ಅವರ ಛಾಯಾಗ್ರಾಹಕರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತವರು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ, ಮುಂದೆ ನಿರ್ದೇಶಕರಾದ ಗೋವಿಂದ್ ನಿಹಲಾನಿ ಅವರಂಥವರು ಕಲಿತು ಹೊರಬಂದ ಸಂಸ್ಥೆ ಅದು. ಪುಣೆಯ ಫಿಲ್ಮ್ ಸಂಸ್ಥೆ ಹುಟ್ಟುವ ಮೊದಲೇ ಛಾಯಾಗ್ರಹಣ ಕಲಿಸುತ್ತಿದ್ದ ಜಾಗ ನಮ್ಮ ಊರಿನಲ್ಲೇ ಇತ್ತೆಂಬುದನ್ನು ಕನ್ನಡದ ಸಿನಿಮಾ ಬರಹಗಳು ಅಗತ್ಯಕ್ಕಿಂತ ಕಡಿಮೆ ನೆನೆಯುತ್ತವೆ.

ಆ ಛಾಯಾಗ್ರಾಹಕರ ಎದುರು ಎರಡು ದಾರಿಗಳ ನೆನಪಿತ್ತು ಎಂದು ನಿರ್ದೇಶಕರು ಹೇಳಿದರು. ಒಂದು, 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಮೂರ್ತಿಯವರು ಕನ್ನಡಿಗಳಿಂದ ಬಿಸಿಲನ್ನು ಪ್ರತಿಫಲಿಸಿ ಸ್ಟುಡಿಯೋದ ಕತ್ತಲೊಳಗೆ ಬೆಳಕಿನ ಕೋಲನ್ನು ಇಳಿಸಿದ್ದು. ಇನ್ನೊಂದು, ಅದಕ್ಕೂ ಮೊದಲು ಕೊಲ್ಕತ್ತದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಸತ್ಯಜಿತ್ ರಾಯ್ ಅವರ 'ಅಪರಾಜಿತೊ' ಚಿತ್ರಕ್ಕಾಗಿ ಕಟ್ಟಿದ ಕಾಶಿಯ ಮನೆಯ ಸೆಟ್ಟಿನಲ್ಲಿ, ದೀಪವನ್ನು ನೇರ ಹಾಯಿಸದೆ ಬಿಳಿ ಬಟ್ಟೆಗೆ ತಾಗಿಸಿ, ಅಂಗಳದ ಮೇಲಿಂದ ಬರುವ ನೆರಳಿಲ್ಲದ ಹಗಲನ್ನು ಹುಟ್ಟಿಸಿದ್ದು. ಮಲೆನಾಡಿನ ಮನೆಗೂ ಅಂಗಳವಿತ್ತು, ಆದ್ದರಿಂದ ಎರಡನೆಯದೇ ಹೊಂದಿತು. ಊರಿನವರಿಂದ ಬಿಳಿ ಪಂಚೆಗಳನ್ನು ಕೇಳಿ ತಂದು, ಹೊಲಿಸಿ, ಅಂಗಳದಲ್ಲಿ ಓರೆಯಾಗಿ ಕಟ್ಟಿ, ಬಿಸಿಲನ್ನು ಅದಕ್ಕೆ ಹಿಡಿದು ಒಳಗೆ ಕಳಿಸಿದರು. ಸೂರ್ಯ ಸರಿದಂತೆ ಪಂಚೆಯೂ ಸರಿಯಬೇಕು. ಅದನ್ನು ಹಿಡಿಯಲು ನಿಂತವರು ಮನೆಯ ಹುಡುಗರು. ಅವರು ಶಾಲೆಗೆ ಹೋಗುವ ದಿನ ಚಿತ್ರೀಕರಣ ಹೊರಗೆ ಇಟ್ಟುಕೊಳ್ಳುತ್ತಿದ್ದರು. ಆ ಚಿತ್ರದಲ್ಲಿ ಭಾನುವಾರದ ಬೆಳಕು ಯಾವುದು ಎಂದು ಇಂದಿಗೂ ಗುರುತಿಸಬಲ್ಲೆ ಎಂದು ನಿರ್ದೇಶಕರು ನಕ್ಕರು.

ಮಳೆಯ ವಿಚಾರದಲ್ಲಿ ನನಗಿದ್ದ ಕಲ್ಪನೆ ಪೂರ್ತಿ ಬಿದ್ದುಹೋಯಿತು. ಆ ಚಿತ್ರದ ಮಳೆಯ ದೃಶ್ಯವನ್ನು ನೋಡಿದವರೆಲ್ಲ ಜುಲೈ ತಿಂಗಳ ಅಸಲಿ ಮಳೆ ಎಂದುಕೊಳ್ಳುತ್ತಾರೆ. ಅದು ಫೆಬ್ರುವರಿಯಲ್ಲಿ, ತೋಟಕ್ಕೆ ನೀರು ಹಾಯಿಸುವ ಪಂಪು ಮತ್ತು ತೂತು ಕೊರೆದ ಪೈಪುಗಳಿಂದ ಸುರಿಸಿದ್ದು. ಮಳೆಹನಿಗೆ ಹಿಂದಿನಿಂದ ಬೆಳಕು ಬೀಳದಿದ್ದರೆ ಅದು ಫಿಲ್ಮಿನ ಮೇಲೆ ಕಾಣುವುದೇ ಕಷ್ಟ. ಆಗುಂಬೆಯ ಮಳೆಯಾದರೂ ಮೋಡದ ಚಪ್ಪಟೆ ಬೆಳಕಿನಲ್ಲಿ ಬರಿಯ ಮಸುಕಾಗಿ ಬರುತ್ತದೆ, ಒದ್ದೆಯಾದ ಮನುಷ್ಯರು ಮಾತ್ರ ಕಾಣುತ್ತಾರೆ. ಜೊತೆಗೆ ಅಸಲಿ ಮಳೆ ನಿರ್ದೇಶಕ ಕಟ್ ಎಂದಾಗ ನಿಲ್ಲುವುದಿಲ್ಲ, ಎರಡನೆಯ ಟೇಕಿಗೆ ಅದೇ ರಭಸದಲ್ಲಿ ಬರುವುದಿಲ್ಲ. ಅದೇ ದೃಶ್ಯದ ಒಂದು ಶಾಟ್ ಮಾತ್ರ ನಿಜವಾದ ಮಳೆಯದು. ಯಾವುದು ಎಂದು ಹುಡುಕಲು ನನಗೆ ಹೇಳಿದರು, ನನಗೆ ಸಿಗಲಿಲ್ಲ. ಹಿನ್ನೆಲೆಯ ಅಡಿಕೆಮರಗಳ ತುದಿಗಳನ್ನು ನೋಡಿ ಎಂದರು. ಪಂಪಿನ ಮಳೆಯಲ್ಲಿ ದೂರದ ಮರಗಳು ಒಣಗಿಯೇ ಇರುತ್ತವೆ.

ಕ್ಯಾಮೆರಾದ ಎತ್ತರದ ಬಗ್ಗೆ ಅವರು ಹೇಳಿದ್ದನ್ನು ನಾನು ಬೇರೆಲ್ಲೂ ಓದಿರಲಿಲ್ಲ. ಟ್ರೈಪಾಡ್ ನಿಂತ ಮನುಷ್ಯನ ಕಣ್ಣಿನ ಅಂದಾಜಿಗೆ ಮಾಡಿದ್ದು. ನಮ್ಮ ಮನೆಗಳಲ್ಲಿ ಊಟ, ಹರಟೆ, ಜಗಳ, ಪೂಜೆ, ಸಾವು ಎಲ್ಲ ನೆಲದ ಮೇಲೆ ನಡೆಯುತ್ತವೆ. ನೆಲದ ಮೇಲೆ ಕೂತವರನ್ನು ನಿಂತ ಎತ್ತರದಿಂದ ನೋಡಿದರೆ ಯಾರೋ ಒಳಗೆ ಬಂದು ನಿಂತು ವಿಚಾರಣೆ ಮಾಡುತ್ತಿರುವಂತೆ ಕಾಣುತ್ತದೆ. ಕುಳ್ಳ ಕಾಲಿನ ಬೇಬಿ ಟ್ರೈಪಾಡ್ ಅವರ ಯೂನಿಟ್ಟಿನಲ್ಲಿ ಇರಲಿಲ್ಲವಾದ್ದರಿಂದ ಮೂರು ಮಣೆಗಳನ್ನು ಒಂದರ ಮೇಲೊಂದಿಟ್ಟು ಕ್ಯಾಮೆರಾ ಕೂರಿಸಿದರು. ಆ ಎತ್ತರಕ್ಕೆ ಇಳಿದ ಕೂಡಲೇ ಇನ್ನೊಂದು ಸಮಸ್ಯೆ: ಮಾಡಿನ ತೊಲೆಗಳು ಚೌಕಟ್ಟಿನೊಳಗೆ ಬರತೊಡಗಿದವು, ಅಲ್ಲಿಗೆ ಕಟ್ಟಿದ್ದ ದೀಪಗಳನ್ನೆಲ್ಲ ತೆಗೆಯಬೇಕಾಯಿತು. ಪಂಚೆಯ ಬೆಳಕನ್ನೇ ಪೂರ್ತಿ ನೆಚ್ಚಿಕೊಂಡದ್ದು ಹಾಗೆ. ಒಂದು ನಿರ್ಧಾರ ಇನ್ನೊಂದನ್ನು ತಳ್ಳಿಕೊಂಡು ಬರುವ ಈ ಸರಣಿಯನ್ನು, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ ತಪ್ಪದೆ ಅವರಿಂದ ಹೇಳಿಸುವುದೇ ನನ್ನ ಮುಖ್ಯ ಕೆಲಸವಾಗಿತ್ತು.

ಲೆನ್ಸಿನ ಆಯ್ಕೆಯ ಬಗ್ಗೆ ಒಂದು ಉದಾಹರಣೆ ಸಾಕು. ಮಗ ಮನೆ ಬಿಟ್ಟು ಹೋಗುವ ದೃಶ್ಯ. ತಾಯಿ ಹೊಸ್ತಿಲಲ್ಲಿ, ಮಗ ಗದ್ದೆಯ ಬದುವಿನ ಮೇಲೆ ನಡೆದು ದೂರವಾಗುತ್ತಾನೆ. ಉದ್ದನೆಯ ಟೆಲಿ ಲೆನ್ಸ್ ಹಾಕಿದರೆ ದೂರಗಳು ಒತ್ತರಿಸಿಕೊಂಡು, ಎಷ್ಟು ನಡೆದರೂ ಅವನು ಅಲ್ಲೇ ಇದ್ದಂತೆ ಕಾಣುತ್ತದೆ. ವೈಡ್ ಲೆನ್ಸಿನಲ್ಲಿ ಹತ್ತು ಹೆಜ್ಜೆಗೆ ಅವನು ಚಿಕ್ಕವನಾಗಿಬಿಡುತ್ತಾನೆ. ಆಗಿನ ರೂಢಿಯಂತೆ ಟೆಲಿಯಲ್ಲೇ ತೆಗೆಯಬೇಕೆಂದು ಛಾಯಾಗ್ರಾಹಕರ ಒತ್ತಾಯವಿತ್ತು. ನಿರ್ದೇಶಕರು ಕ್ಯಾಮೆರಾವನ್ನು ಮನೆಯೊಳಗೆ, ತಾಯಿಯ ಬೆನ್ನ ಹಿಂದೆ ಇಟ್ಟು ವೈಡ್ ಹಾಕಿದರು. ತಾಯಿಯ ಮುಖ ಕಾಣುವುದಿಲ್ಲ. ಮುಖ ತೋರಿಸದಿದ್ದರೆ ಜನ ಅಳುವುದಿಲ್ಲ ಎಂದು ನಿರ್ಮಾಪಕರು ಹೇಳಿದ್ದರಂತೆ. ಆ ಮಾತಿಗೆ ಅವರು ಕೊಟ್ಟ ಸಮಾಧಾನ ಸೌಂದರ್ಯಶಾಸ್ತ್ರದ್ದೇನೂ ಆಗಿರಲಿಲ್ಲ: ತಾಯಿಯ ಪಾತ್ರ ಮಾಡಿದವರು ಹವ್ಯಾಸಿ ರಂಗಭೂಮಿಯಿಂದ ಬಂದವರು, ಅವರ ಬೆನ್ನು ಮುಖಕ್ಕಿಂತ ಚೆನ್ನಾಗಿ ಅಭಿನಯಿಸುತ್ತಿತ್ತು.

ಧ್ವನಿಯ ಅಧ್ಯಾಯ ಕಹಿಯಾದದ್ದು. ಆಗ ಹೊರಾಂಗಣಕ್ಕೆ ಎಲ್ಲರೂ ಬಳಸುತ್ತಿದ್ದ ಆರಿಫ್ಲೆಕ್ಸ್ 2ಸಿ ಕ್ಯಾಮೆರಾ ಹಗುರ, ಗಟ್ಟಿಮುಟ್ಟು, ಆದರೆ ಓಡುವಾಗ ಗಿರಗಿರ ಸದ್ದು. ಸ್ಥಳದಲ್ಲಿ ಮುದ್ರಿಸಿದ ಮಾತು ನೆನಪಿಗಿಟ್ಟುಕೊಳ್ಳಲು ಮಾತ್ರ ಉಪಯೋಗ. ಅದನ್ನು ಪೈಲಟ್ ಎನ್ನುತ್ತಿದ್ದರು. ನಂತರ ಡಬ್ಬಿಂಗ್ ಥಿಯೇಟರಿನಲ್ಲಿ ಫಿಲ್ಮಿನ ಚಿಕ್ಕ ತುಂಡುಗಳನ್ನು ಲೂಪ್ ಮಾಡಿ ಮತ್ತೆ ಮತ್ತೆ ಓಡಿಸುತ್ತ ನಟರು ತುಟಿಗೆ ಮಾತು ಕೂಡಿಸಬೇಕು. ಹಳ್ಳಿಯಿಂದ ಆರಿಸಿದ ವೃದ್ಧರೊಬ್ಬರು ಜಗಲಿಯ ಮೇಲೆ ಅದ್ಭುತವಾಗಿ ಮಾತನಾಡಿದ್ದರು. ಮದರಾಸಿನ ಹವಾನಿಯಂತ್ರಿತ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದೇ ಮಾತನ್ನು ಆಡಲು ಅವರಿಂದ ಆಗಲಿಲ್ಲ. ಕೊನೆಗೆ ಬೇರೆಯವರ ಕಂಠ ಬಂತು. ಆ ಮುಖಕ್ಕೆ ಆ ಕಂಠವನ್ನು ತಾನು ಇಂದಿಗೂ ಒಪ್ಪಿಕೊಂಡಿಲ್ಲ ಎಂದು ಅವರು ಹೇಳಿದಾಗ, ಮುಂದಿನ ಚಿತ್ರಗಳಲ್ಲಿ ಮಾತನಾಡುವವರು ಯಾಕೆ ಅಷ್ಟೊಂದು ಬಾರಿ ಕ್ಯಾಮೆರಾಕ್ಕೆ ಬೆನ್ನು ಹಾಕಿರುತ್ತಾರೆ, ಯಾಕೆ ಕೇಳಿಸಿಕೊಳ್ಳುವವರ ಮುಖದ ಮೇಲೆಯೇ ಶಾಟ್ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕದ ಪುಸ್ತಕದ ಕಾಲಂಗಳಿಂದ ಬಿಡಿಸಿಕೊಂಡಿತು. ತುಟಿ ಕಾಣದಿದ್ದರೆ ಮಾತನ್ನು ಆಮೇಲೆ ಬದಲಿಸಬಹುದು, ಉಚ್ಚಾರ ಹೊಂದಿಸಬಹುದು. ಕೇಳುವವನ ಮುಖದಲ್ಲಿ ಅರ್ಥ ಹೆಚ್ಚು ಎಂಬುದು ಹೀಗೆ ಕೆಲಸದ ಅನುಕೂಲವಾಗಿ ಶುರುವಾಗಿ, ನಾಲ್ಕನೆಯ ಚಿತ್ರದ ಹೊತ್ತಿಗೆ ಅವರ ಶೈಲಿಯೇ ಆಗಿಬಿಟ್ಟಿತ್ತು.

ಎಡಿಟಿಂಗ್ ಬಗ್ಗೆ ಅವರು ಹೆಚ್ಚು ಮಾತನಾಡಲಿಲ್ಲ. ಕೆಲಸ ಮಾಡಿದ ಸಂಕಲನಕಾರರು ತೀರಿಕೊಂಡಿದ್ದಾರೆ, ಅವರಿಲ್ಲದೆ ಇದನ್ನು ಹೇಳಿದರೆ ಎಲ್ಲ ನಾನೇ ಮಾಡಿದ ಹಾಗಾಗುತ್ತದೆ ಎಂಬುದು ಅವರ ಸಂಕೋಚ. ನೆಗೆಟಿವ್ ಮದರಾಸಿನ ಲ್ಯಾಬಿಗೆ ಹೋಗಿ, ರಷ್ ಪ್ರಿಂಟ್ (ತೆಗೆದದ್ದನ್ನು ನೋಡಲು ಮಾಡುವ ಮೊದಲ ಪ್ರತಿ) ಬರುವಷ್ಟರಲ್ಲಿ ಯೂನಿಟ್ ಆ ಸ್ಥಳವನ್ನೇ ಬಿಟ್ಟಿರುತ್ತಿದ್ದುದರಿಂದ, ತಪ್ಪಿದ್ದನ್ನು ಮತ್ತೆ ತೆಗೆಯುವ ಅವಕಾಶ ಸಂಕಲನದ ಮೇಜಿಗೆ ಇರಲಿಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳಿದರು. ಇದ್ದುದರಲ್ಲೇ ದಾರಿ ಹುಡುಕುವುದು. ಬಾಗಿಲು ತೆರೆಯುವ ಶಾಟ್ ಹಾಳಾಗಿದ್ದ ಒಂದು ಕಡೆ, ಸಂಕಲನಕಾರರು ಬಾಗಿಲಿನ ಸದ್ದನ್ನು ಹಿಂದಿನ ಶಾಟಿನ ಮೇಲೆ ಹಾಕಿ, ತಲೆಯೆತ್ತಿ ನೋಡುವ ಮಗುವಿನ ಮುಖಕ್ಕೆ ಕಟ್ ಮಾಡಿದರಂತೆ. ಚಿತ್ರದ ಅತ್ಯಂತ ಪ್ರಶಂಸಿತ ಕಟ್ ಅದೇ.

ಧ್ವನಿಮುದ್ರಣವನ್ನು ಬರಹಕ್ಕಿಳಿಸುವ ಕೆಲಸ ನಾನು ಅಂದುಕೊಂಡಿದ್ದಕ್ಕಿಂತ ಬಹಳ ನಿಧಾನವಾಗಿತ್ತು. ಒಂದು ಗಂಟೆಯ ಮಾತಿಗೆ ಒಂದು ದಿನ ಸಾಲುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದಂತೆ ಮೊದಲು ಬರೆದು, ಆಮೇಲೆ ನಕ್ಷೆಗಳ ಜೊತೆ ಹೊಂದಿಸಿ, ಚಿತ್ರದ ಜೊತೆ ತಾಳೆ ನೋಡುತ್ತಿದ್ದೆ. ನೆನಪು ಮತ್ತು ತೆರೆ ಎಷ್ಟೋ ಕಡೆ ಒಪ್ಪುತ್ತಿರಲಿಲ್ಲ. ಟ್ರಾಲಿ ಶಾಟ್ ಎಂದು ಅವರು ವಿವರಿಸಿದ್ದು ಚಿತ್ರದಲ್ಲಿ ಜೂಮ್ (ಕ್ಯಾಮೆರಾ ಕದಲದೆ ಲೆನ್ಸಿನಿಂದಲೇ ಹತ್ತಿರ ತಂದದ್ದು) ಆಗಿರುತ್ತಿತ್ತು. ಹತ್ತಿರದ ಕಂಬ ಹಿನ್ನೆಲೆಯ ಗೋಡೆಯ ಮೇಲೆ ಸರಿಯದಿದ್ದರೆ ಅದು ಜೂಮ್. ಕ್ಯಾಮೆರಾ ನಿಜವಾಗಿ ಚಲಿಸಿದ್ದರೆ ಕಂಬ ಸರಿಯಲೇಬೇಕು. ಇದನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಾಲಿಯ ಹಳಿ ಆ ದಿನ ಬಂದಿರಲಿಲ್ಲ ಎಂದು ನೆನಪಿಸಿಕೊಂಡರು. ಅಂದಿನ ಸಹಾಯಕ ಛಾಯಾಗ್ರಾಹಕರನ್ನೂ ನಾನು ಕಂಡು ಮಾತನಾಡಿಸಿದೆ. ಪಂಚೆ ಕಟ್ಟುವ ಉಪಾಯ ಯಾರದ್ದು ಎಂಬ ಬಗ್ಗೆ ಅವರ ನೆನಪು ಬೇರೆಯಿತ್ತು. ಎರಡೂ ನೆನಪುಗಳನ್ನು ಹಸ್ತಪ್ರತಿಯಲ್ಲಿ ಉಳಿಸಿದ್ದೇನೆ. ತೀರ್ಪು ಕೊಡುವ ಆಧಾರ ನನ್ನಲ್ಲಿಲ್ಲ, ಅಗತ್ಯವೂ ಕಾಣಲಿಲ್ಲ.

ವಿಷಯವಾರು ಜೋಡಿಸಬೇಕೋ ಚಿತ್ರವಾರು ಜೋಡಿಸಬೇಕೋ ಎಂಬ ಪ್ರಶ್ನೆ ಪ್ರಕಾಶಕರಿಂದ ಬಂತು. ಬೆಳಕು, ಧ್ವನಿ, ನಟನೆ ಎಂದು ಅಧ್ಯಾಯ ಮಾಡಿದರೆ ವಿದ್ಯಾರ್ಥಿಗಳಿಗೆ ಅನುಕೂಲ ಎಂಬುದು ಅವರ ವಾದ. ಒಂದು ಕರಡನ್ನು ಹಾಗೆಯೇ ಮಾಡಿ ನೋಡಿದೆ. ಮಣೆಯ ಮೇಲೆ ಕೂತ ಕ್ಯಾಮೆರಾ ಒಂದು ಅಧ್ಯಾಯಕ್ಕೆ ಹೋಯಿತು, ಅದರಿಂದಾಗಿ ಇಳಿದ ದೀಪಗಳು ಇನ್ನೊಂದಕ್ಕೆ, ಹಾಗಾಗಿ ಬಂದ ಪಂಚೆ ಮತ್ತೊಂದಕ್ಕೆ. ಮಾತಿನೊಳಗಿನ ಕಾರ್ಯಕಾರಣವೇ ಕಡಿದುಹೋಯಿತು. ಚಿತ್ರವಾರು ಕ್ರಮಕ್ಕೆ ಮರಳಿ, ಕೊನೆಯಲ್ಲಿ ಒಂದು ವಿಷಯಸೂಚಿ ಕೊಡುವುದೆಂದು ತೀರ್ಮಾನವಾಯಿತು.

ಕರಡು ಅವರ ಕೈಗೆ ಹೋಗಿ ಹಿಂತಿರುಗಿದಾಗ ಕೆಂಪು ಶಾಯಿ ನಾನು ನಿರೀಕ್ಷಿಸಿದ ಕಡೆ ಇರಲಿಲ್ಲ. ಇತರರ ಬಗ್ಗೆ ಆಡಿದ ಕಟುವಾದ ಮಾತುಗಳನ್ನು ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವು ಹಾಗೆಯೇ ಇದ್ದವು. ಹೊಡೆದುಹಾಕಿದ್ದು ನನಗೆ ತುಂಬ ಇಷ್ಟವಾಗಿದ್ದ, ಹಿಂಬದಿಯ ರಕ್ಷಾಪುಟಕ್ಕೆ ಎತ್ತಿಟ್ಟುಕೊಂಡಿದ್ದ ಸುಂದರ ವಾಕ್ಯಗಳನ್ನು. ಸಿನಿಮಾ ಎಂದರೆ ಇಂಥದ್ದು, ಚೌಕಟ್ಟು ಎಂದರೆ ಅಂಥದ್ದು ಎಂಬಂಥ ಒಂದೊಂದು ಸಾಲಿನ ಎದುರೂ "ಇದು ಭಾಷಣ" ಎಂದು ಬರೆದಿದ್ದರು. ಬದಲಿಗೆ ಬದಿಯಲ್ಲಿ ಸೇರಿಸಿದ್ದು ಅಳತೆಗಳನ್ನು: ಲೆನ್ಸು 35 ಎಂಎಂ ಅಲ್ಲ, 50, ಹೊಸ್ತಿಲಿನಿಂದ ಕ್ಯಾಮೆರಾಕ್ಕೆ ಒಂಬತ್ತು ಅಡಿ, ಸಮಯ ಬೆಳಿಗ್ಗೆ ಹತ್ತಲ್ಲ, ಮೂರೂವರೆ, ನೆರಳು ನೋಡಿ. ಕೆಲವು ಸಾಲುಗಳಿಗಾಗಿ ನಾನು ವಾದಿಸಿದೆ. ಎರಡನ್ನು ಉಳಿಸಿಕೊಳ್ಳಲು ಒಪ್ಪಿದರು, ಅದೂ ಅವು ನನ್ನ ಪ್ರಶ್ನೆಯೊಳಗೆ ಸೇರಬೇಕೆಂಬ ಷರತ್ತಿನ ಮೇಲೆ.

ಉಳಿದದ್ದು ಚಿತ್ರಗಳ ಸಮಸ್ಯೆ. ಶಾಟಿನ ಬಗ್ಗೆ ಇಷ್ಟು ಬರೆದ ಮೇಲೆ ಶಾಟನ್ನು ತೋರಿಸಬೇಕು. ಮೊದಲ ಚಿತ್ರದ ನೆಗೆಟಿವ್ ಮುಚ್ಚಿಹೋದ ಲ್ಯಾಬಿನಿಂದ ಎಲ್ಲಿಗೆ ಹೋಯಿತೆಂಬುದು ಯಾರಿಗೂ ಪತ್ತೆಯಿಲ್ಲ. ನಾವು ನೋಡುತ್ತಿದ್ದದ್ದು ಟೆಲಿವಿಷನ್ನಿಗಾಗಿ ಮಾಡಿದ್ದ ಟೇಪಿನ ಪ್ರತಿಯನ್ನು. ಅದರಿಂದ ತೆಗೆದ ಚೌಕಟ್ಟುಗಳನ್ನು ಮುದ್ರಕರಿಗೆ ತೋರಿಸಿದಾಗ ಪಂಚೆಯ ಬೆಳಕೂ ಹೊಗೆಯ ಕತ್ತಲೂ ಒಂದೇ ಬೂದಿಯಾಗಿ ಬಂದವು. ಎರಡನೆಯ ಚಿತ್ರದ ಒಂದು ಪ್ರಿಂಟ್ ಸಿಕ್ಕಿದೆ, ಅದರ ಚೌಕಟ್ಟುಗಳು ಬಳಸುವಂತಿವೆ. ಮೊದಲ ಚಿತ್ರದ ಭಾಗಕ್ಕೆ ಮೇಜಿನ ಮೇಲಿನ ನಕ್ಷೆಗಳನ್ನೇ ಶುದ್ಧವಾಗಿ ಬರೆಸಿ ಹಾಕುವುದೆಂದು ತೀರ್ಮಾನಿಸಿದ್ದೇವೆ. ಅವರ ಹಿಂದಿನ ಸಹಾಯಕರೊಬ್ಬರು, ಈಗ ಕಲಾ ನಿರ್ದೇಶಕರು, ಅವನ್ನು ಅಳತೆಗೆ ತಕ್ಕಂತೆ ಬರೆಯುತ್ತಿದ್ದಾರೆ. ಆ ಮನೆ ಇನ್ನೂ ನಿಂತಿರುವುದರಿಂದ ಅವರು ಹೋಗಿ ನಡುಮನೆಯನ್ನು ಟೇಪು ಹಿಡಿದು ಅಳೆದು ಬಂದರು. ಹೊಸ್ತಿಲಿನಿಂದ ಒಂಬತ್ತು ಅಡಿ ಹಿಂದಕ್ಕೆ ಕ್ಯಾಮೆರಾ ಇಡಲು ಜಾಗವೇ ಇಲ್ಲ, ಏಳು ಅಡಿಗೆ ಗೋಡೆ ಬರುತ್ತದೆ ಎಂದು ವರದಿ ಮಾಡಿದ್ದಾರೆ. ಗೋಡೆ ಆಮೇಲೆ ಕಟ್ಟಿದ್ದೋ ಎಂದು ಮನೆಯವರನ್ನು ವಿಚಾರಿಸುತ್ತಿದ್ದೇವೆ. ಉತ್ತರ ಬರುವವರೆಗೆ ಆ ಪುಟವನ್ನು ತಡೆಹಿಡಿದಿದ್ದೇನೆ.